ವಾಷರು

ವಾಷರು ಎಂಬ ಪದಾರ್ಥವನ್ನು ಕುರಿತು ನಮ್ಮ ಈ ವಾರ್ಷಿಕ ಸಂಚಿಕೆಯಲ್ಲಿ ಇದುವರೆಗೆ ಯಾರೂ ಬರೆದಂತೆ ಕಾಣೆ. ಬೆಳುದಿಂಗಳ ರಾತ್ರಿ, ಬಸ್ಸಿನ ಪ್ರಯಾಣ, ಪರೀಕ್ಷೆಯ ಹಿಂದಿನ ದಿನ, ನಂದಿಬೆಟ್ಟದ ಸೂರ್ಯೋದಯ ಇವಕ್ಕೆಲ್ಲ ಒಬ್ಬೊಬ್ಬ ಲೇಖಕರು ದೊರೆತಿದ್ದಾರೆ. ವಾಷರಿಗೆ ಮಾತ್ರ ಆ ಭಾಗ್ಯ ಒದಗಿಲ್ಲ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಸರಿಯಾಗಿ ಕೆಲಸ ಮಾಡುವ ತನಕ ತಾನಿದ್ದೇನೆಂದು ಯಾರಿಗೂ ತೋರಗೊಡದಿರುವುದೇ ಅದರ ಸ್ವಭಾವ. ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕಿ ನಿದ್ದೆ ಕೆಡಿಸಿದಾಗ, ಕುಕ್ಕರು ಶಿಳ್ಳೆ ಹಾಕುವುದನ್ನು ಬಿಟ್ಟು ಪಕ್ಕದಿಂದ ಬುಸ್ಸೆಂದು ಗಂಜಿಯನ್ನು ಗೋಡೆಗೆ ಚಿಮ್ಮಿದಾಗ ಮಾತ್ರ ವಾಷರನ್ನೋ ಅದರ ಬಂಧುವಾದ ಗ್ಯಾಸ್ಕೆಟನ್ನೋ ನಾವು ನೆನೆಯುತ್ತೇವೆ, ನೆನೆಯುವುದೂ ಬಯ್ಯುವುದಕ್ಕಾಗಿಯೇ.

ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ಓದುತ್ತಿರುವವಳಿಗೆ ಎಂಜಿನ್ನಿನ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು, ಕೇಳಿಯೂ ಇದ್ದಾರೆ. ನನ್ನ ಅಂಗೈಯ ಗೆರೆಗಳಲ್ಲಿ ಕರಿಮಸಿ ಕಂಡ ದಿನ ಗೆಳತಿಯೊಬ್ಬಳು, ಮೆಹೆಂದಿ ಹಾಕಲು ಬಾರದವರ ಕೈಗೆ ಸಿಕ್ಕಿಬಿದ್ದೆಯಾ ಎಂದು ಕೇಳಿದಳು. ಅದಕ್ಕೆ ಅಂದು ಉತ್ತರ ಕೊಡಲಿಲ್ಲ. ಇದೇ ಉತ್ತರವೆಂದು ಆಕೆ ತಿಳಿಯಬಹುದು.

ನಮ್ಮ ತಂದೆಯವರಿಗೆ ಹಳದಿ ಫಲಕದ ಒಂದು ಡೀಸೆಲ್ ಕಾರಿದೆ. ನಮ್ಮ ಮನೆಯ ಗದ್ದೆ, ತೋಟ, ಹಸು ಎಲ್ಲವೂ ಅದೇ. ತಂಗಿಯನ್ನು ಪಿ.ಯು.ಸಿ.ಗೆ ಸೇರಿಸುವಾಗ ಅದರ ಮೇಲೆ ತೆಗೆದ ಸಾಲಕ್ಕೆ ಪ್ರತಿ ತಿಂಗಳೂ ಹತ್ತನೆಯ ತಾರೀಖು ಕಂತು ಕಟ್ಟಬೇಕು. ಕಳೆದ ಕಾರ್ತಿಕದಲ್ಲಿ, ಜಾಲಹಳ್ಳಿಯ ಮರಗಳಿಂದ ಮಂಜು ತೊಟ್ಟಿಕ್ಕುವ ಬೆಳಗುಗಳಲ್ಲಿ, ಆ ಕಾರು ಹೊಸದೊಂದು ಸದ್ದನ್ನು ಕಲಿಯಿತು. ಚಾಲೂ ಮಾಡಿದೊಡನೆ ಬಾನೆಟ್ಟಿನ ಕೆಳಗಿನಿಂದ ‘ಚುಸ್, ಚುಸ್, ಚುಸ್’ ಎಂದು ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂತೆ ಕೇಳುವುದು. ಎಂಜಿನ್ನು ಬಿಸಿಯಾದ ಮೇಲೆ ಕಡಮೆಯಾಗುವುದು. ಹತ್ತು ದಿನ ಕಳೆಯುವ ಹೊತ್ತಿಗೆ ಸುಟ್ಟ ಹೊಗೆಯ ವಾಸನೆ ಕಾರಿನೊಳಕ್ಕೂ ಬರತೊಡಗಿತು. ಪ್ರಯಾಣಿಕರು ಮೂಗಿಗೆ ಕರವಸ್ತ್ರ ಹಿಡಿದು ಕುಳಿತರು. ಇಳಿದ ಮೇಲೆ ತಮ್ಮ ಮೊಬೈಲುಗಳಲ್ಲಿ ತಂದೆಯವರಿಗೆ ಐದು ನಕ್ಷತ್ರಗಳ ಬದಲು ಎರಡು ಕೊಟ್ಟರು. ನಕ್ಷತ್ರ ಕಡಮೆಯಾದರೆ ಬಾಡಿಗೆಯೂ ಕಡಮೆ. ಜ್ಯೋತಿಷ್ಯವನ್ನು ನಂಬದವರೂ ಈ ನಕ್ಷತ್ರಗಳನ್ನು ನಂಬಲೇಬೇಕು.

ಗ್ಯಾರೇಜಿನ ಮೇಸ್ತ್ರಿ ಪರೀಕ್ಷೆ ಮಾಡಿದ ರೀತಿ ಬಹಳ ಸರಳ. ಎಂಜಿನ್ನು ತಣ್ಣಗಿರುವಾಗಲೇ ಮನೆಗೆ ಬಂದು, ನಮ್ಮಮ್ಮನಿಂದ ಪಾತ್ರೆ ತೊಳೆಯುವ ಸಾಬೂನಿನ ನೀರನ್ನು ಕೇಳಿ ಪಡೆದು, ಎಂಜಿನ್ನಿನ ತಲೆಯ ಮೇಲೆ ನಿಂತಿರುವ ನಾಲ್ಕು ನಾಜಲುಗಳ ಬುಡಕ್ಕೆ ಸುರಿದು, ‘ಹಾಕಿ ಅಣ್ಣ’ ಎಂದರು. ಚಾಲೂ ಆಗುತ್ತಲೇ ಮೂರನೆಯದರ ಬುಡದಲ್ಲಿ ಗುಳ್ಳೆಗಳು ಎದ್ದುವು. ಮಕ್ಕಳು ಪಪ್ಪಾಯಿ ಕೊಳವೆಯಿಂದ ಊದುವ ಗುಳ್ಳೆಗಳಂತೆ ಒಂದರ ಹಿಂದೊಂದು.

‘ನಾಜಲ್ ವಾಷರ್ ಹೋಗಿದೆ ಅಣ್ಣ. ಮೂರನೇದು ಗ್ಯಾರಂಟಿ. ಮಿಕ್ಕಿದ್ದೂ ಟೈಮ್ ನೋಡ್ತಾ ಇವೆ.’

ಪುಸ್ತಕಗಳಲ್ಲಿ ಇಂಜೆಕ್ಟರ್ ಎಂದು ಕರೆಯುವುದಕ್ಕೆ ಗ್ಯಾರೇಜಿನಲ್ಲಿ ನಾಜಲ್ ಎಂದೇ ಹೆಸರು. ಅದರ ಕೆಲಸ ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಮರ್ಮವನ್ನು ಸ್ವಲ್ಪ ತಿಳಿಯಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹಚ್ಚಲು ಕಿಡಿಯ ಪ್ಲಗ್ಗು ಇರುತ್ತದೆ. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೇಳು ಹದಿನೆಂಟರಲ್ಲೊಂದು ಪಾಲಿಗೆ ಅದುಮಿಬಿಟ್ಟರೆ ಅದು ೫೦೦ ಡಿಗ್ರಿಗೂ ಮೀರಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಆ ಕಾದ ಗಾಳಿಯೊಳಕ್ಕೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಪಿಚಕಾರಿಯೇ ನಾಜಲ್. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದು ಎಣ್ಣೆಯನ್ನು ಚಿಮ್ಮುವ ಒತ್ತಡ ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು. ಹೀಗೆ ಒಂದು ಉಕ್ಕಿನ ಕೊಳವೆಯಲ್ಲಿ ಎಣ್ಣೆಯನ್ನು ಸದಾ ಒತ್ತಿ ಹಿಡಿದಿಟ್ಟು, ಬೇಕಾದಾಗ ವಿದ್ಯುತ್ತಿನ ಸನ್ನೆಯಿಂದ ಬಿಡುವ ಕ್ರಮ ಮಾರಾಟದ ಕಾರುಗಳಿಗೆ ಬಂದುದು ೧೯೯೭ರಲ್ಲಿ, ಇಟಲಿಯ ಆಲ್ಫಾ ರೋಮಿಯೋ ಕಾರೊಂದರಲ್ಲಿ. ಎಂಜಿನ್ನು ನಡೆಯುತ್ತಿರುವಾಗ ಅದರ ಕೊಳವೆಯ ಬಳಿ ನಾನು ಕೈಯಿಟ್ಟುದನ್ನು ಕಂಡು ಮೇಸ್ತ್ರಿ ಸರಕ್ಕನೆ ಎಳೆದುಬಿಟ್ಟರು. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎಣ್ಣೆ ಸೂಜಿಯಂತೆ ಚರ್ಮವನ್ನು ತೂರಿ ಒಳಹೋಗುತ್ತದೆಯಂತೆ. ಆಮೇಲೆ ಮುಲಾಮಿನಿಂದ ಆಗುವುದಿಲ್ಲ, ಕೈಯನ್ನು ಕೊಯ್ದೇ ತೆಗೆಯಬೇಕಾಗುತ್ತದೆ.

ಈ ಎಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲನ ಕಥೆಯನ್ನು ನಮ್ಮ ಇತಿಹಾಸದ ಪಠ್ಯಗಳಲ್ಲಿ ಏಕೆ ಸೇರಿಸಿಲ್ಲವೋ ತಿಳಿಯದು. ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅವನ ಎಂಜಿನ್ನು ಯಶಸ್ವಿಯಾಗಿ ನಡೆಯಿತು. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಒಂದು ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದರು. (ಬಸವನಗುಡಿಯ ಪರಿಷೆಯವರು ಇದನ್ನು ಗಮನಿಸಬೇಕು.) ೧೯೧೩ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಆತ ಕಾಣೆಯಾದ. ಅವನ ಎಂಜಿನ್ನು ರಸ್ತೆಗೆ ಇಳಿಯುವಂತಾದುದು ಒಳ್ಳೆಯ ಪಂಪು ಮತ್ತು ನಾಜಲುಗಳು ಬಂದ ಮೇಲೆ. ಅವನ್ನು ರಾಬರ್ಟ್ ಬಾಷ್ ಕಂಪನಿ ೧೯೨೭ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಅದರ ಸಹಯೋಗದಿಂದ ೧೯೫೧ರಲ್ಲಿ ಹುಟ್ಟಿದುದೇ ನಮ್ಮ ಊರಿನ ಹಿರಿಯರೆಲ್ಲ ಬಲ್ಲ ಆಡುಗೋಡಿಯ ‘ಮೈಕೋ’. ೨೦೦೮ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಮೈಕೋ ಲೇಔಟು ಮೈಕೋ ಲೇಔಟಾಗಿಯೇ ಉಳಿದಿದೆ.

ಇನ್ನು ವಾಷರಿನ ವಿಚಾರ. ನಾಜಲಿನ ಮೂತಿ ಎಂಜಿನ್ನಿನ ತಲೆಯನ್ನು ತೂರಿ, ಬೆಂಕಿ ಹೊತ್ತುವ ಕೋಣೆಯೊಳಕ್ಕೆ ಇಣುಕುತ್ತದೆ. ತೂರಿದ ರಂಧ್ರದಲ್ಲಿ ಸಂದು ಉಳಿಯದಂತೆ ತಡೆಯುವುದು ಕಾಲುಂಗುರಕ್ಕಿಂತ ಚಿಕ್ಕದಾದ ಒಂದು ತಾಮ್ರದ ಬಿಲ್ಲೆ. ಒಳಗೆ ಪ್ರತಿ ಸ್ಫೋಟಕ್ಕೂ ನೂರು ವಾತಾವರಣಗಳನ್ನು ಮೀರುವ ಒತ್ತಡ, ಹೊರಗೆ ನಾವು. ನಡುವೆ ಆ ಬಿಲ್ಲೆ. ತಾಮ್ರವೇ ಏಕೆಂದರೆ ಅದು ಮೆತು. ಅದುಮಿದಾಗ ಮೇಲಿನ ಕೆಳಗಿನ ಉಕ್ಕಿನ ಸಣ್ಣ ಏರುತಗ್ಗುಗಳಿಗೆಲ್ಲ ತುಂಬಿಕೊಳ್ಳುತ್ತದೆ. ಜೊತೆಗೆ ನಾಜಲಿನ ಮೂತಿಯ ಬಿಸಿಯನ್ನು ಎಳೆದು ತಲೆಗೆ ದಾಟಿಸುತ್ತದೆ. ಆದರೆ ಒಮ್ಮೆ ಅದುಮಿಸಿಕೊಂಡ ತಾಮ್ರ ಗಡುಸಾಗುತ್ತದೆ. ಎರಡನೆಯ ಬಾರಿ ತುಂಬಿಕೊಳ್ಳುವ ಗುಣ ಅದಕ್ಕಿರುವುದಿಲ್ಲ. ಆದ್ದರಿಂದ ನಾಜಲನ್ನು ಬಿಚ್ಚಿದಾಗಲೆಲ್ಲ ಹೊಸ ವಾಷರು ಹಾಕಬೇಕು.

ಹಳೆಯ ಲಾರಿಗಳ ಕಾಲದಲ್ಲಿ ಅದೇ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮತ್ತೆ ಹಾಕುತ್ತಿದ್ದರೆಂದು ಮೇಸ್ತ್ರಿ ಹೇಳಿದರು. ಕಬ್ಬಿಣವನ್ನು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ; ತಾಮ್ರ ಮಾತ್ರ ಮೆತ್ತಗಾಗುತ್ತದೆ. ಕಂಚುಗಾರರಿಗೆ ಇದು ಎಂದಿನಿಂದಲೂ ತಿಳಿದ ಸಂಗತಿ. ‘ಈಗಿನ ಗಾಡಿಗೆ ಆಗಲ್ಲ. ದಪ್ಪ ಹೆಚ್ಚುಕಮ್ಮಿ ಆಯ್ತದೆ’ ಎಂದರು. ಬಿಲ್ಲೆಯ ದಪ್ಪದ ಮೇಲೆ ನಾಜಲಿನ ಮೂತಿ ಒಳಗೆ ಎಷ್ಟು ಇಳಿಯಬೇಕೆಂಬುದು ನಿಂತಿದೆ. ಅದು ತಪ್ಪಿದರೆ ಸಿಂಪಡಿಕೆ ಬೀಳಬೇಕಾದ ಜಾಗಕ್ಕೆ ಬೀಳುವುದಿಲ್ಲ.

ಬಿಲ್ಲೆಯ ಬೆಲೆ ಹೆಚ್ಚಲ್ಲ. ಭಯವಿದ್ದುದು ಬೇರೆ ಕಡೆ. ಸೋರಿದ ಹೊಗೆ ನಾಜಲಿನ ಸುತ್ತ ಟಾರಿನಂತೆ ಹೆಪ್ಪುಗಟ್ಟಿ, ಕ್ರಮೇಣ ಕಲ್ಲಾಗಿ, ನಾಜಲನ್ನೂ ತಲೆಯನ್ನೂ ಒಂದು ಮಾಡಿಬಿಡುತ್ತದೆ. ಸುಲಭವಾಗಿ ಬಂದರೆ ಒಂದು ದಿನದ ಕೆಲಸ. ಬಾರದಿದ್ದರೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕು. ಖರ್ಚು ೩೫,೦೦೦ ರೂಪಾಯಿಗೆ ಕಡಮೆಯಿಲ್ಲ. ಹಾಗೆಂದು ಓಡಿಸುತ್ತಲೇ ಇರುವಂತೆಯೂ ಇಲ್ಲ. ಕೆಲವು ಎಂಜಿನ್ನುಗಳಲ್ಲಿ ಈ ಮಸಿ ಎಂಜಿನ್ ಆಯಿಲಿಗೆ ಇಳಿದು, ಅದನ್ನು ಹೀರುವ ಜಾಲರಿಯನ್ನು ಕಟ್ಟಿ, ಟರ್ಬೋವನ್ನು ಒಣಗಿಸಿ ಕೊಲ್ಲುತ್ತದೆ. ತಂದೆಯವರು ನಾಲ್ಕು ದಿನ ಸುಮ್ಮನೆ ಕುಳಿತು ಲೆಕ್ಕ ಹಾಕಿದರು. ಅಂದು ಬ್ಯಾಂಕಿನ ಖಾತೆಯಲ್ಲಿ ಇದ್ದುದು ೧೧,೦೦೦ ರೂಪಾಯಿ. ಅದರಲ್ಲಿ ೯,೪೦೦ ಕಂತಿಗೆ ಸೇರಿದ್ದು.

ಈ ನಾಲ್ಕು ದಿನಗಳ ನಡುವೆಯೇ ದಲ್ಲಾಳಿಯ ಆಗಮನವಾದುದು. ಹಳೆಯ ಕಾರುಗಳನ್ನು ಕೊಡಿಸುವ ಬಿಡಿಸುವ ಮನುಷ್ಯ, ಮಾತಿನಲ್ಲಿ ಜೇನು. ಬುಡಕ್ಕೆ ಶಾಖ ತಡೆಯುವ ಅಂಟನ್ನು ಮೆತ್ತಿದರೆ ಸದ್ದು ಎರಡು ಮೂರು ದಿನ ಅಡಗುತ್ತದೆಂದೂ, ಕುಣಿಗಲ್ ಕಡೆಯ ಹುಡುಗನೊಬ್ಬ ಇದೇ ಕಾರಿಗಾಗಿ ಕಾದಿದ್ದಾನೆಂದೂ, ೨,೪೦,೦೦೦ಕ್ಕೆ ಮುಗಿಸಿಕೊಡುವೆನೆಂದೂ ಹೇಳಿದ. ಸಾಲವನ್ನು ತೀರಿಸಿ ಮಿಕ್ಕ ಹಣದಿಂದ ಬೇರೆ ಗಾಡಿಗೆ ಮುಂಗಡ ಕಟ್ಟಬಹುದು. ತಂದೆಯವರು ‘ಆಗಲಿ, ಬರಲಿ ನೋಡೋಣ’ ಎಂದರು. ಆ ರಾತ್ರಿ ಅವರು ಮಲಗಲಿಲ್ಲ. ನಾನು ಓದುತ್ತಿದ್ದೆ, ವರಾಂಡದಲ್ಲಿ ಬೀಡಿಯ ಕಿಡಿ ಹೋಗುತ್ತ ಬರುತ್ತ ಇದ್ದಿತು.

ಭಾನುವಾರ ಹುಡುಗ ಬಂದ, ಜೊತೆಗೆ ಅವನ ತಂದೆಯೂ. ಹುಡುಗನಿಗೆ ನನ್ನದೇ ವಯಸ್ಸು. ಹಳದಿ ಫಲಕದ ಕಾರು ಓಡಿಸಬೇಕೆಂದು ಊರಲ್ಲಿ ತೆಂಗಿನ ತೋಟದ ಒಂದು ಭಾಗವನ್ನು ಭೋಗ್ಯಕ್ಕೆ ಕೊಟ್ಟು ಬಂದಿದ್ದರು. ಆ ಹಿರಿಯರು ಕಾರಿನ ಮುಂಭಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಎತ್ತನ್ನು ಕೊಳ್ಳಲು ಬಂದವರಂತೆ. ಅಂಟನ್ನು ಹಿಂದಿನ ಸಂಜೆ ದಲ್ಲಾಳಿಯೇ ತಂದಿಟ್ಟಿದ್ದ; ಆದರೆ ತಂದೆಯವರು ಅದರ ಮುಚ್ಚಳವನ್ನು ತೆಗೆದಿರಲಿಲ್ಲ. ಬಾನೆಟ್ಟನ್ನು ಎತ್ತಿ, ‘ನೋಡಪ್ಪ, ಮೂರನೇ ನಾಜಲ್ ಲೀಕಿದೆ. ಆಚೆ ಬರುತ್ತೋ ಇಲ್ವೋ ಗೊತ್ತಿಲ್ಲ. ಬರದಿದ್ರೆ ಮೂವತ್ತು ಮೂವತ್ತೈದು ಸಾವಿರ ಆಗ್ತದೆ’ ಎಂದುಬಿಟ್ಟರು. ಬಂದವರು ಕಾಫಿ ಕುಡಿದು ಹೊರಟುಹೋದರು. ಹೋಗುವಾಗ ಹುಡುಗ ತಂದೆಯವರ ಫೋನ್ ನಂಬರನ್ನು ಕೇಳಿ ಬರೆದುಕೊಂಡ. ದಲ್ಲಾಳಿ ಕಾಫಿಯನ್ನೂ ಕುಡಿಯಲಿಲ್ಲ.

ಅಮ್ಮ ಅಂದು ರಾತ್ರಿಯ ತನಕ ಯಾರೊಡನೆಯೂ ಮಾತನಾಡಲಿಲ್ಲ. ಬಡಿಸುವಾಗ, ‘ಕಂತು ಕಟ್ಟೋರು ಯಾರು? ಅವರಪ್ಪನಾ?’ ಎಂದು ಒಂದೇ ಮಾತು ಕೇಳಿದಳು. ತಂದೆಯವರು ಮಾಡಿದುದು ಸರಿಯೆಂದು ನಾನು ಅಂದೂ ಎಣಿಸಿದೆ, ಇಂದೂ ಎಣಿಸುತ್ತೇನೆ. ಆದರೆ ಅಮ್ಮನ ಪ್ರಶ್ನೆಗೆ ಆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲವೆಂಬುದನ್ನೂ ಇಲ್ಲಿ ಬರೆಯಬೇಕು.

ಸೋಮವಾರ ಕೆಲಸ ಪ್ರಾರಂಭವಾಯಿತು. ಕಾಲೇಜಿಗೆ ಅರ್ಧವಾರ್ಷಿಕ ರಜೆ. ಮೇಸ್ತ್ರಿಯ ಸಹಾಯಕ ಊರಿಗೆ ಹೋಗಿದ್ದ. ಹೀಗಾಗಿ ಟಾರ್ಚು ಹಿಡಿಯುವ ಹುದ್ದೆ ನನ್ನ ಪಾಲಿಗೆ ಬಂದಿತು. ಒಂದು, ಎರಡು, ನಾಲ್ಕನೆಯ ನಾಜಲುಗಳು ಸ್ವಲ್ಪ ಗೊಣಗಿ ಹೊರಬಂದುವು. ಪ್ರತಿಯೊಂದಕ್ಕೂ ಚೀಟಿಯಂಟಿಸಿ, ಬಾಯಿಗೆ ಮುಚ್ಚಳ ಹಾಕಿ, ಶುಭ್ರವಾದ ಬಟ್ಟೆಯ ಮೇಲೆ ಇರಿಸುವುದು ನನ್ನ ಕೆಲಸ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ಪ್ರತಿ ನಾಜಲಿನ ತಲೆಯ ಮೇಲೂ ಒಂದು ಸಂಕೇತ ಕೊರೆದಿರುತ್ತದೆ; ಅದು ಎಷ್ಟು ಚಿಮ್ಮುತ್ತದೆಂಬ ಗುಟ್ಟು ಎಂಜಿನ್ನಿನ ಕಂಪ್ಯೂಟರಿಗೆ ಆ ಸಂಕೇತದಿಂದಲೇ ತಿಳಿಯುವುದು. ಧೂಳಂತೂ ಪರಮ ವೈರಿ. ಒಳಗಿನ ಸೂಜಿಗೂ ಅದರ ಗೂಡಿಗೂ ಇರುವ ಸಂದು ನಮ್ಮ ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲು ದಪ್ಪವೂ ಇರಲಾರದು.

ಮೂರನೆಯದು ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಸುತ್ತಲೂ ಹೊಯ್ದು ರಾತ್ರಿಯೆಲ್ಲ ಬಿಟ್ಟರು. ಮಂಗಳವಾರವೂ ಅಲುಗಲಿಲ್ಲ. ಸುತ್ತಿಗೆಯಿಂದ ಹೊಡೆದು ಎಬ್ಬಿಸಲು ಮೇಸ್ತ್ರಿಗೆ ಮನಸ್ಸು ಬಾರದು. ವಾರೆಯಾಗಿ ಎಳೆದರೆ ಮೂತಿ ಮುರಿದು ಒಳಗೇ ಉಳಿಯುತ್ತದೆ. ಆಗ ತಲೆ ಇಳಿಸುವುದು ಕಟ್ಟಿಟ್ಟದ್ದೇ. ಮಧ್ಯಾಹ್ನ ಅವರು ತಂದೆಯವರನ್ನು ಪಕ್ಕಕ್ಕೆ ಕರೆದು, ‘ನಾಳೆ ತನಕ ನೋಡ್ತೀನಿ ಅಣ್ಣ’ ಎಂದರು. ಆ ಮಾತಿನ ಅರ್ಥ ನನಗೂ ಆಯಿತು.

ಇಲ್ಲಿ ನಮ್ಮ ಪಕ್ಕದ ಮನೆಯ ತಾತನವರನ್ನು ಪರಿಚಯ ಮಾಡಿಕೊಡಬೇಕು. ಜಾಲಹಳ್ಳಿಯೆಂದರೆ ಇಂದಿನವರಿಗೆ ೨೦೧೫ರಲ್ಲಿ ತೆರೆದ ಮೆಟ್ರೋ ನಿಲ್ದಾಣ, ಅದರ ಕೆಳಗಿನ ವಾಹನಗಳ ಜಾತ್ರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇರಿಸಿದ್ದ ಶಿಬಿರಗಳ ಊರು ಇದು. ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಇಲ್ಲಿಗೆ ಬಂದಿತು. ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆ. ಲೇತ್ ಎಂಬ ಯಂತ್ರಗಳ ತಾಯಿಯನ್ನು ದೇಶಕ್ಕೆಲ್ಲ ಹೆತ್ತುಕೊಟ್ಟ ಊರು. ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ ೨೦೧೬ರಲ್ಲಾಯಿತು, ಈಗ ಎಚ್.ಎಂ.ಟಿ.ಯ ವಸ್ತುಸಂಗ್ರಹಾಲಯವೊಂದು ಅಲ್ಲಿದೆ, ಶಾಲೆಯ ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ತಾತನವರು ಆ ಮೆಷಿನ್ ಟೂಲ್ಸಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಟ್ಟರಾಗಿದ್ದವರು. ಯಾರ ಮನೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಕಣ್ಣಳತೆಯಲ್ಲೇ ಇಷ್ಟು ನೂಲು ಹೆಚ್ಚೆಂದು ಹೇಳುವ ಅಭ್ಯಾಸ. ಕೇಳದಿದ್ದರೂ ಹೇಳುತ್ತಾರೆ.

ಅಂದು ಸಂಜೆಯೂ ಕೇಳದೆಯೇ ಗ್ಯಾರೇಜಿಗೆ ಬಂದರು. ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ಬಗ್ಗಿ ನೋಡಿದರು.

‘ಹೊಡೀಬೇಡ ಕಣಯ್ಯ. ನೆಟ್ಟಗೆ ಎತ್ತು. ತಿರುಪು ಹಾಕಿ ಎತ್ತು.’

‘ಆ ಪುಲ್ಲರ್ ನನ್ ಹತ್ರ ಇಲ್ಲ ತಾತ.’

‘ಇಲ್ದಿದ್ರೆ ಮಾಡೋಣ.’

ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದರು. ಎರಡು ಕಾಲಿನ ಒಂದು ಸೇತುವೆ. ಅದರ ಕಾಲುಗಳು ಎಂಜಿನ್ನಿನ ತಲೆಯ ಗಟ್ಟಿಯಾದ ಭಾಗದ ಮೇಲೆ ನಿಲ್ಲಬೇಕು. ನಾಜಲಿನ ಹೆಗಲನ್ನು ಎರಡು ಪಕ್ಕದಿಂದ ಹಿಡಿಯುವ ಕವಲು. ಎರಡನ್ನೂ ಕೂಡಿಸುವ, ಸಣ್ಣ ಮರೆಯ ದಪ್ಪ ಬೋಲ್ಟು. ಅದನ್ನು ತಿರುಗಿಸಿದಂತೆಲ್ಲ ನಾಜಲು ನೇರ ಮೇಲಕ್ಕೇ ಬರಬೇಕು, ಅತ್ತಿತ್ತ ವಾಲುವಂತಿಲ್ಲ. ಅಳತೆಗಳನ್ನು ವರ್ನಿಯರಿನಿಂದ ಮೂರು ಮೂರು ಸಲ ತೆಗೆದರು. ಬುಧವಾರ ಬೆಳಿಗ್ಗೆ ಪೀಣ್ಯದ ಎರಡನೆಯ ಹಂತದಲ್ಲಿ ಅವರಿಗೆ ಪರಿಚಯದ ಒಂದು ಲೇತ್ ಅಂಗಡಿಗೆ ಹೋಗಿ, ಎದುರಿಗೇ ಕುಳಿತು ಮಾಡಿಸಿ ತಂದರು. ನಾನು ಅಷ್ಟರೊಳಗೆ ಮೆಟ್ರೋದಲ್ಲಿ ಮಾರುಕಟ್ಟೆಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ವಾಷರುಗಳನ್ನು ಹುಡುಕಿದೆ. ಆ ರಸ್ತೆಯಲ್ಲಿ ಒಂದು ಇಡೀ ಕಾರನ್ನು ಬಿಡಿಬಿಡಿಯಾಗಿ ಕೊಳ್ಳಬಹುದು. ಆದರೆ ಸರಿಯಾದ ದಪ್ಪದ ನಾಲ್ಕು ಬಿಲ್ಲೆಗಳಿಗೆ ಐದು ಅಂಗಡಿಗಳನ್ನು ಹತ್ತಿ ಇಳಿಯಬೇಕಾಯಿತು. ನಾಲ್ಕಕ್ಕೆ ೨೪೦ ರೂಪಾಯಿ.

ಮಧ್ಯಾಹ್ನ ಸೇತುವೆ ಕಟ್ಟಿದರು. ಮೇಸ್ತ್ರಿ ಬೋಲ್ಟನ್ನು ಕಾಲು ಸುತ್ತು ತಿರುಗಿಸುವುದು, ನಿಲ್ಲಿಸುವುದು, ಎಣ್ಣೆ ಬಿಡುವುದು, ಮತ್ತೆ ಕಾಲು ಸುತ್ತು. ತಾತನವರು ಕಿವಿಯನ್ನು ಹತ್ತಿರ ತಂದು ಕೇಳುತ್ತಿದ್ದರು. ತಂದೆಯವರು ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದರು. ಮೂರು ಗಂಟೆಯ ಸುಮಾರಿಗೆ ಒಣಗಿದ ರೆಂಬೆ ಮುರಿದಂತೆ ‘ಟಕ್’ ಎಂದು ಸದ್ದಾಯಿತು. ನನ್ನ ಕೈಯ ಟಾರ್ಚು ನಡುಗಿತು. ಮೂತಿಯೇ ಮುರಿಯಿತೆಂದು ಎಲ್ಲರೂ ತಿಳಿದೆವು. ಮೇಸ್ತ್ರಿ ಮಾತಾಡದೆ ಇನ್ನೂ ಎರಡು ಸುತ್ತು ತಿರುಗಿಸಿದರು. ನಾಜಲು ಕರಿಬೂಸ್ಟು ಹಿಡಿದ ಗೆಣಸಿನಂತೆ ಇಡಿಯಾಗಿ ಮೇಲೆದ್ದಿತು. ಸದ್ದು ಮಾಡಿದುದು ಮಸಿಯ ಪದರ.

ಆದರೆ ಅದರ ಮೂತಿಯಲ್ಲಿ ವಾಷರಿರಲಿಲ್ಲ. ರಂಧ್ರದೊಳಕ್ಕೆ ಬೆಳಕು ಬಿಟ್ಟು ನೋಡಿದರೆ ತಳದಲ್ಲಿ ಅಂಟಿಕೊಂಡಿತ್ತು. ಸೈಕಲ್ ಕಡ್ಡಿಯ ತುದಿಯನ್ನು ಬಗ್ಗಿಸಿ ಮೆಲ್ಲನೆ ಎಬ್ಬಿಸಿದರು. ಒಂದು ಬಂದಿತು. ಅದರ ಕೆಳಗೆ ಇನ್ನೊಂದಿತ್ತು! ಹಿಂದಿನ ವರ್ಷ ಬೇರೊಂದು ಕಡೆ ನಾಜಲುಗಳನ್ನು ಬಿಚ್ಚಿ ಶುದ್ಧಮಾಡಿಸಿದ್ದೆವು. ಅಲ್ಲಿಯವರು ತಳದಲ್ಲುಳಿದ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಇಟ್ಟಿದ್ದರು. ಗಡುಸಾದ ಹಳೆಯದು ಮಸಿಯ ಮೇಲೆ ಕುಳಿತಿದ್ದಿತು. ಮೆತ್ತಗಿನ ಹೊಸದು ಎಷ್ಟು ತಾನೆ ತಡೆದೀತು? ತಾತನವರು ಎರಡನ್ನೂ ಅಂಗೈಯಲ್ಲಿಟ್ಟು ನೋಡಿ, ಕೆಟ್ಟ ಪದವೊಂದನ್ನು ಆಡಿ, ನಾನಿದ್ದುದನ್ನು ಕಂಡು ಕೆಮ್ಮಿದರು.

ಮುಂದಿನದೆಲ್ಲ ತಾಳ್ಮೆಯ ಕೆಲಸ. ರಂಧ್ರದ ಬಾಯಿಗೆ ಗ್ರೀಸ್ ಮೆತ್ತಿದ ಬೆಣೆ ಹಾಕಿ, ಕಸ ಒಳಗೆ ಬೀಳದಂತೆ ಮಾಡಿ, ಕೈಯಿಂದ ತಿರುಗಿಸುವ ಕಟ್ಟರಿನಲ್ಲಿ ತಳವನ್ನು ಕನ್ನಡಿಯಂತಾಗುವವರೆಗೆ ತೀಡಿದರು. ಹೊಸ ವಾಷರು, ಹೊಸ ಬೋಲ್ಟು. ಬೋಲ್ಟನ್ನು ಬಿಗಿಯುವುದೂ ಕೈಯ ಅಂದಾಜಿನಲ್ಲಲ್ಲ. ಟಾರ್ಕ್ ರೆಂಚಿನಿಂದ ಇಷ್ಟು ಬಲ, ಅನಂತರ ಇಷ್ಟು ಕೋನ. ಎಣ್ಣೆ ವಾಪಸು ಹೋಗುವ ಕೊಳವೆಗಳ ರಬ್ಬರು ಉಂಗುರಗಳನ್ನೂ ಬದಲಿಸಿದರು. ಹಳೆಯವು ಉಗುರು ತಾಗಿಸಿದರೆ ಪುಡಿಯಾಗುತ್ತಿದ್ದುವು. ಗುರುವಾರ ಬೆಳಿಗ್ಗೆ ಅಮ್ಮನೇ ಸಾಬೂನಿನ ನೀರನ್ನು ಕಲಸಿ ತಂದುಕೊಟ್ಟಳು. ನಾಲ್ಕು ಬುಡಗಳಲ್ಲಿಯೂ ಒಂದು ಗುಳ್ಳೆಯೂ ಏಳಲಿಲ್ಲ.

ಮೇಸ್ತ್ರಿ ೬,೫೦೦ ಕೇಳಿದರು. ಅರ್ಧವನ್ನು ಅಂದು, ಮಿಕ್ಕುದನ್ನು ಮುಂದಿನ ತಿಂಗಳು ಕೊಟ್ಟೆವು. ಪುಲ್ಲರಿಗೆ ಲೇತಿನವರು ೪೦೦ ತೆಗೆದುಕೊಂಡರು. ಅದನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದೇವೆ, ಆಮೇಲೆ ಇನ್ನೆರಡು ಕಾರುಗಳಿಗೆ ಉಪಯೋಗವಾಯಿತಂತೆ. ಕಂತು ಏಳು ದಿನ ತಡವಾಗಿ, ದಂಡದೊಡನೆ ಸಂದಾಯವಾಯಿತು. ತಂಗಿಯ ಟ್ಯೂಷನ್ನು ಒಂದು ತಿಂಗಳು ನಿಂತಿತು. ಗಣಿತವನ್ನು ಹೇಳಿಕೊಡಲು ನಾನು ಯತ್ನಿಸಿದೆ, ಅದರ ಫಲವನ್ನು ಅವಳ ಅಂಕಪಟ್ಟಿಯೇ ಹೇಳುತ್ತದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಆ ಕುಣಿಗಲ್ಲಿನ ಹುಡುಗ ಫೋನ್ ಮಾಡಿದ. ಬೇರೊಂದು ಕಾರನ್ನು ನೋಡಿದ್ದೇನೆ, ಮಾರುವವರು ಏನೂ ತೊಂದರೆಯಿಲ್ಲವೆನ್ನುತ್ತಾರೆ, ಒಮ್ಮೆ ತಾವು ಬಂದು ನೋಡಿ ಹೇಳಬೇಕು ಎಂದ. ತಂದೆಯವರು ಒಂದು ದಿನದ ಬಾಡಿಗೆಯನ್ನು ಬಿಟ್ಟು ನಸುಕಿನಲ್ಲೇ ಹೊರಟರು, ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕೆಂದು. ಅಮ್ಮ ಒಂದು ಸೀಸೆಯಲ್ಲಿ ಸಾಬೂನಿನ ನೀರನ್ನು ತುಂಬಿ, ಚೆಲ್ಲದಂತೆ ಮುಚ್ಚಳವನ್ನು ಬಿಗಿದು, ಬುತ್ತಿಯ ಚೀಲದಲ್ಲಿ ಇಟ್ಟುಕೊಟ್ಟಳು. ಆ ಕಾರನ್ನು ಬೇಡವೆಂದರಂತೆ.